ಪೊಂಬುರ್ಚದ ಕಲ್ಲುಗಳು: ಹುಂಚದಲ್ಲಿ ಅರ್ಧ ದಿನ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚ ಇಂದು ಒಂದು ಸಣ್ಣ ಊರು. ರಥಬೀದಿ, ಜೈನ ಮಠ, ಯಾತ್ರಿಕರು ಉಳಿದುಕೊಳ್ಳುವ ಛತ್ರಗಳು, ಒಂದಷ್ಟು ಅಂಗಡಿ. ಅದರಾಚೆಗೆ ಗದ್ದೆ, ಅಡಿಕೆ ತೋಟ, ಕಾಡು. ಸಾವಿರ ವರ್ಷಗಳ ಹಿಂದೆ ಇದೊಂದು ರಾಜಧಾನಿ. ಶಾಸನಗಳು ಇದನ್ನು ಪೊಂಬುರ್ಚ, ಪೊಂಬುಚ್ಚ, ಪಟ್ಟಿ ಪೊಂಬುಚ್ಚಪುರ ಎಂದೆಲ್ಲ ಕರೆಯುತ್ತವೆ. ಜೈನ ಯಾತ್ರಿಕರ ಬಾಯಲ್ಲಿ ಇದು ಹೊಂಬುಜ. ಇಂದಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಹರಡಿದ್ದ ಸಾಂತಳಿಗೆ ಸಾವಿರ ಎಂಬ ನಾಡನ್ನು ಸಾಂತರ ಅರಸರು ಇಲ್ಲಿ ಕೂತು ಆಳಿದರು. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದರೂ ಇವರ ಗತ್ತಿಗೆ ಕೊರತೆಯಿರಲಿಲ್ಲ. ಉತ್ತರ ಮಧುರಾಧೀಶ್ವರ, ಪದ್ಮಾವತೀಲಬ್ಧವರಪ್ರಸಾದ ಎಂಬ ಬಿರುದುಗಳನ್ನೂ ವಾನರಧ್ವಜವನ್ನೂ ಸಿಂಹಲಾಂಛನವನ್ನೂ ಅವರ ಶಾಸನಗಳು ತಪ್ಪದೆ ಹೇಳುತ್ತವೆ.

ಹಾಳಾದ ಪಟ್ಟಣ ಎಂದೊಡನೆ ಕನ್ನಡಿಗರಿಗೆ ಹಂಪಿ ನೆನಪಾಗುತ್ತದೆ. ಹೊರಗೆ ಓಡಾಡಿದವರಿಗೆ ಮೆಡಿಟರೇನಿಯನ್ ಸೀಮೆಯ ಪೊಂಪೆ, ಎಫೆಸಸ್ ನೆನಪಾದಾವು. ಅಲ್ಲೆಲ್ಲ ಬೀದಿಯ ಚಪ್ಪಡಿ, ಅಂಗಡಿಗಳ ಸಾಲು, ಮನೆಗಳ ಅಡಿಪಾಯ ಕಾಣುತ್ತವೆ. ಹುಂಚದಲ್ಲಿ ಹಾಗಿಲ್ಲ. ಮಲೆನಾಡಿನಲ್ಲಿ ಮನೆ ಕಟ್ಟುತ್ತಿದ್ದದ್ದು ಮಣ್ಣಿನ ಗೋಡೆ, ಮರದ ತೊಲೆ, ಹುಲ್ಲಿನ ಸೂರಿನಿಂದ. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಗೆ, ಗೆದ್ದಲಿಗೆ, ಬೇರಿಗೆ ಅವು ಉಳಿಯಲಿಲ್ಲ. ಉಳಿದದ್ದು ಕಲ್ಲಿನ ಬಸದಿಗಳು, ಕೆರೆಗಳು ಮತ್ತು ಅಕ್ಷರ ಕೊರೆದ ಬಂಡೆಗಳು. ಹುಂಚವನ್ನು ನೋಡುವುದೆಂದರೆ ಬಹುಪಾಲು ಅದನ್ನು ಓದುವುದು. ಓದುತ್ತ ಹೋದರೆ ತಿಳಿಯುವ ಸಂಗತಿ ಇದು: ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ಕೆಲವು ತೀರಿಹೋದ ತಾಯಿ, ತಂದೆ, ಒಡಹುಟ್ಟಿದವರ ನೆನಪಿಗಾಗಿ ಎದ್ದವು, ಮತ್ತು ಅವುಗಳನ್ನು ಎಬ್ಬಿಸಿದವರು ಹೆಂಗಸರು.

ನೀರು ಮತ್ತು ದಾರಿ

ಶಿವಮೊಗ್ಗದಿಂದ ಹುಂಚ ಸುಮಾರು 60 ಕಿಲೋಮೀಟರ್. ಆಯನೂರು, ರಿಪ್ಪನ್‌ಪೇಟೆ ದಾಟಿ ಬರುವ ದಾರಿ ಬಸ್ಸಿನವರಿಗೂ ಕಾರಿನವರಿಗೂ ಅನುಕೂಲ. ರೈಲಿನಲ್ಲಿ ಬರುವವರು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ ಇಳಿಯಬಹುದು. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳು ಚಿತ್ರೀಕರಣಗೊಂಡದ್ದು ಅಲ್ಲಿಯೇ. ತೀರ್ಥಹಳ್ಳಿ, ಹೊಸನಗರಗಳ ಕಡೆಯಿಂದಲೂ ರಸ್ತೆಯಿದೆ.

ಊರು ಗುಡ್ಡಗಳ ತಪ್ಪಲಿನಲ್ಲಿದೆ. ಹತ್ತಿರದ ಬಿಲ್ಲೇಶ್ವರ ಬೆಟ್ಟದ ಸೀಮೆಯಲ್ಲಿ ಕುಮುದ್ವತಿ ಹುಟ್ಟುತ್ತದೆ. ಅದು ಬಡಗು ದಿಕ್ಕಿಗೆ ಹರಿದು, ಶಿಕಾರಿಪುರದ ಅಂಜನಾಪುರ ಜಲಾಶಯವನ್ನು ತುಂಬಿ, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಅದೇ ಹೊಸನಗರ ತಾಲ್ಲೂಕಿನ ಪಶ್ಚಿಮದ ನೀರು ಶರಾವತಿಯ ಪಾಲು. ಅದು ಜೋಗದಲ್ಲಿ ಧುಮುಕಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೂಡಲ ಬಯಲುಸೀಮೆಗೂ ಪಡುವಣ ಕರಾವಳಿಗೂ ನಡುವೆ, ನೀರು ಎರಡು ಕಡೆಗೆ ಒಡೆಯುವ ಇಂಥ ಎತ್ತರದಲ್ಲಿ ರಾಜಧಾನಿ ಮಾಡಿಕೊಂಡವರಿಗೆ ಘಟ್ಟದ ದಾರಿಗಳ ಮೇಲೆ ಕಣ್ಣಿಡುವುದು ಸುಲಭ. ಬನವಾಸಿ, ಬಳ್ಳಿಗಾವೆಗಳಿಂದ ಹೊರಟ ಸರಕು ತುಳುನಾಡಿಗೆ ಇಳಿಯಬೇಕಾದರೆ, ತುಳುನಾಡಿನ ಉಪ್ಪು ಮೇಲೆ ಬರಬೇಕಾದರೆ ಸಾಂತಳಿಗೆಯ ಕಾಡುದಾರಿಗಳನ್ನು ಹಾಯಲೇಬೇಕಿತ್ತು.

ಸಾಂತರರಿಗಿಂತ ಮೊದಲೇ ಈ ಊರಿಗೆ ಬೆಲೆ ಬಂದಿತ್ತು. ಏಳನೆಯ ಶತಮಾನದ ಕೊನೆಯಲ್ಲಿ ಕರಾವಳಿಯ ಆಳುಪರ ಚಿತ್ರವಾಹನ ಪೊಂಬುಚ್ಚವನ್ನು ಆಳುತ್ತಿದ್ದನೆಂದು ಶೃಂಗೇರಿ ಬಳಿಯ ಕಿಗ್ಗದ ಶಾಸನ ತಿಳಿಸುತ್ತದೆ. ಬಾದಾಮಿ ಚಾಲುಕ್ಯರ ಮನೆಮಗಳು ಕುಂಕುಮಮಹಾದೇವಿ ಇದೇ ಚಿತ್ರವಾಹನನ ಅರಸಿ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದ ಆನೆಸೆಜ್ಜೆ ಬಸದಿ ಆಕೆಯ ಹೆಸರಿನೊಂದಿಗೆ ಸೇರಿಕೊಂಡಿದೆ. ಕಡಲ ಬದಿಯ ಅರಸು ಘಟ್ಟದ ಮೇಲೆ ಬಂದು ಹಿಡಿದುಕೊಳ್ಳುವಷ್ಟು ಮುಖ್ಯವಾದ ಠಾಣೆ ಇದಾಗಿತ್ತು ಎಂಬುದಕ್ಕೆ ಕಿಗ್ಗದ ಆ ಕಲ್ಲು ಸಾಕ್ಷಿ.

ಲಕ್ಕಿ ಗಿಡದ ದೇವಿ

ಹುಂಚಕ್ಕೆ ಬರುವ ಹೆಚ್ಚಿನವರು ಬರುವುದು ಪದ್ಮಾವತಿಯ ದರ್ಶನಕ್ಕೆ. ಮಠದ ಆವರಣದಲ್ಲಿ ಪಾರ್ಶ್ವನಾಥ ಬಸದಿ ಮತ್ತು ಪದ್ಮಾವತಿಯ ಗುಡಿ ಒಟ್ಟಿಗಿವೆ. ಗುಡಿಯ ಹಿಂದೆ ಲಕ್ಕಿ ಗಿಡವಿದೆ. ಬೇಲಿಗೂ ಮದ್ದಿಗೂ ಒದಗುವ ಸಾಮಾನ್ಯ ಗಿಡ ಲಕ್ಕಿ. ಇಲ್ಲಿ ಮಾತ್ರ ಅದು ಬಾಡುವುದೇ ಇಲ್ಲವೆಂದು ಭಕ್ತರು ನಂಬುತ್ತಾರೆ. ಹತ್ತಿರದ ಮುತ್ತಿನ ಕೆರೆ ಬತ್ತುವುದಿಲ್ಲ, ಮನಸ್ಸಿನಲ್ಲಿ ನೆನೆದದ್ದು ಕೈಗೂಡುವುದಾದರೆ ದೇವಿಯ ಬಲಗಡೆಯಿಂದ ಹೂ ಬೀಳುತ್ತದೆ ಎಂಬ ನಂಬಿಕೆಗಳೂ ಇದರೊಂದಿಗೆ ಸೇರಿವೆ. ಶುಕ್ರವಾರ ಜನ ಹೆಚ್ಚು. ಜೈನರಷ್ಟೇ ಅಲ್ಲ, ಸುತ್ತಲಿನ ಊರುಗಳ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಮಾರ್ಚ್ ತಿಂಗಳ ಆಸುಪಾಸಿನಲ್ಲಿ ನಡೆಯುವ ರಥೋತ್ಸವಕ್ಕೆ ಊರು ತುಂಬಿಹೋಗುತ್ತದೆ.

ಊರಿನ ಹುಟ್ಟಿನ ಕಥೆ ಈ ಗಿಡದ ಬುಡದಿಂದಲೇ ಶುರುವಾಗುತ್ತದೆ. ಉತ್ತರ ಮಧುರೆಯ ಅರಸ ಸಾಕಾರ ಬೇಡರ ಹೆಣ್ಣೊಬ್ಬಳಿಗೆ ಮರುಳಾಗಿ, ಆಕೆಯ ಮಾತಿಗೆ ಕಟ್ಟುಬಿದ್ದು ಪಟ್ಟದ ಅರಸಿಯ ಮಗ ಜಿನದತ್ತನನ್ನು ಕೊಲ್ಲಿಸಲು ಹೊರಟ. ತಾಯಿ ಮಗನ ಕೈಗೆ ಪದ್ಮಾವತಿಯ ವಿಗ್ರಹ ಕೊಟ್ಟು ಕುದುರೆ ಹತ್ತಿಸಿ ತೆಂಕಣಕ್ಕೆ ಕಳಿಸಿದಳು. ದಣಿದ ಜಿನದತ್ತ ಲಕ್ಕಿ ಗಿಡದ ನೆರಳಿನಲ್ಲಿ ಮಲಗಿದಾಗ ದೇವಿ ಕನಸಿನಲ್ಲಿ ಬಂದು, ತಾನಿಲ್ಲೇ ನೆಲೆಸುವುದಾಗಿಯೂ ತನ್ನ ವಿಗ್ರಹಕ್ಕೆ ಸೋಕಿಸಿದ ಕಬ್ಬಿಣ ಚಿನ್ನವಾಗುವುದಾಗಿಯೂ ಹೇಳಿದಳು. ಆ ಚಿನ್ನದಿಂದ ಪಟ್ಟಣ ಎದ್ದಿತು.

ಸಾಂತರರ ಶಾಸನಗಳು ಹೇಳುವ ಕಥೆ ಬೇರೆ. ಅಲ್ಲಿನ ಜಿನದತ್ತ ಓಡಿಬಂದವನಲ್ಲ, ಗೆದ್ದುಬಂದವನು. ಸಿಂಹರಥನೆಂಬ ಅಸುರನನ್ನು ಕೊಂದು ಜಕ್ಕಿಯಬ್ಬೆ ಎಂಬ ದೇವಿಯಿಂದ ಸಿಂಹಲಾಂಛನ ಪಡೆದ. ಅಂಧಕಾಸುರನನ್ನು ಕೊಂದು ಅಂಧಾಸುರ ಎಂಬ ಊರು ಕಟ್ಟಿದ. ಕುಂದದ ಕೋಟೆಯಿಂದ ಕರ, ಕರದೂಷಣರನ್ನು ಓಡಿಸಿದ. ಅವನ ಸಾಹಸಕ್ಕೆ ಮೆಚ್ಚಿದ ಪದ್ಮಾವತಿ ಲೊಕ್ಕಿಯ ಮರದಲ್ಲಿ ನೆಲೆಸಿ ಲೊಕ್ಕಿಯಬ್ಬೆ ಎನಿಸಿಕೊಂಡಳು. ಸಾಗರ ತಾಲ್ಲೂಕಿನ ಆನಂದಪುರದ ಬಳಿ ಅಂದಾಸುರ ಎಂಬ ಹಳ್ಳಿ ಈಗಲೂ ಇದೆ. ಹೀಗೆ ನೋಡಿದರೆ ಅಸುರರ ಕಥೆಯೊಳಗೆ ನಿಜವಾದ ಊರುಗಳ ಪಟ್ಟಿಯೊಂದು ಅಡಗಿದೆ. ಹೊಸ ಮನೆತನವೊಂದು ಸೀಮೆಯ ಹಳೆಯ ಒಡೆಯರನ್ನು ಒಬ್ಬೊಬ್ಬರನ್ನಾಗಿ ಮಣಿಸಿದ ನೆನಪನ್ನು ಶಾಸನಕವಿಗಳು ಪುರಾಣದ ಭಾಷೆಯಲ್ಲಿ ಹೇಳಿರುವಂತಿದೆ. ಮರದಲ್ಲಿ ನೆಲೆಸಿದ ಅಬ್ಬೆ ಈ ಮಣ್ಣಿನ ಹಳೆಯ ದೇವತೆಯಿರಬೇಕು. ಅವಳು ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥನ ಯಕ್ಷಿಯಾದದ್ದರಿಂದ ಬಂದ ಧರ್ಮವೂ ಇದ್ದ ನಂಬಿಕೆಯೂ ಒಂದೇ ಗುಡಿಯಲ್ಲಿ ಕೂತವು.

ಪದ್ಮಾವತಿ ಪಾರ್ಶ್ವನಾಥನ ಬಳಿ ಏಕೆ ಇರಬೇಕೆಂಬುದನ್ನು ಪಕ್ಕದ ಬಸದಿಯ ಶಿಲ್ಪಗಳೇ ಹೇಳುತ್ತವೆ. ಪಾರ್ಶ್ವನಾಥನಿಗೆ ಕಮಠ ಕೊಟ್ಟ ಉಪಸರ್ಗವನ್ನು ಹುಂಚದ ಶಿಲ್ಪಿಗಳು ದೊಡ್ಡ ಅಳತೆಯಲ್ಲಿ ಕಡೆದಿದ್ದಾರೆ. ನಡುವೆ ತೀರ್ಥಂಕರ ಕಾಯೋತ್ಸರ್ಗದಲ್ಲಿ ಅಲುಗದೆ ನಿಂತಿದ್ದಾನೆ. ಹಿಂದಿನ ಜನ್ಮಗಳ ಹಗೆಯನ್ನು ತೀರಿಸಿಕೊಳ್ಳಲು ಬಂದ ಕಮಠ ಎಲ್ಲ ಕಡೆಯಿಂದ ಎರಗುತ್ತಾನೆ. ನಾಗರಾಜ ಧರಣೇಂದ್ರ ಹೆಡೆ ಬಿಚ್ಚಿ ನೆರಳಾಗುತ್ತಾನೆ, ಪದ್ಮಾವತಿ ಕೊಡೆ ಹಿಡಿಯುತ್ತಾಳೆ. ಇದೇ ಪ್ರಸಂಗ ಎಲ್ಲೋರದಲ್ಲೂ ಐಹೊಳೆಯಲ್ಲೂ ಇದೆ. ಹುಂಚದ್ದನ್ನು ನೋಡುವವರು ಆತುರಪಡಬಾರದು. ನಡುವಿನ ನಿಶ್ಚಲತೆ ಮತ್ತು ಸುತ್ತಲಿನ ಗದ್ದಲ ಎರಡನ್ನೂ ಒಂದೇ ಕಲ್ಲಿನಲ್ಲಿ ಹಿಡಿದ ಕಸುಬು ಒಂದು ನೋಟಕ್ಕೆ ದಕ್ಕುವಂಥದ್ದಲ್ಲ.

ಎಫೆಸಸ್ಸಿಗೂ ಹುಂಚಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ. ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಆ ಪಟ್ಟಣವೂ ಒಬ್ಬ ದೇವಿಯಿಂದ ಹೆಸರಾಗಿತ್ತು. ಅಲ್ಲಿನ ಆರ್ಟೆಮಿಸ್ ದೇವಾಲಯ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ನದಿಯ ಹೂಳು ತುಂಬಿ ಬಂದರು ಕಡಲಿನಿಂದ ದೂರವಾಯಿತು, ಪಟ್ಟಣ ಬರಿದಾಯಿತು, ದೇವಿಯ ಪೂಜೆ ಶತಮಾನಗಳ ಹಿಂದೆಯೇ ನಿಂತುಹೋಯಿತು. ದೇವಾಲಯದ ಜಾಗದಲ್ಲಿ ಈಗ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದು ಕಂಬವಿದೆ. ಹುಂಚದಲ್ಲಿ ಅರಸರು ಹೋದರು, ಅರಮನೆ ಹೋಯಿತು. ದೇವಿಗೆ ದೀಪ ಹಚ್ಚುವುದು ನಿಲ್ಲಲಿಲ್ಲ. ಹೀಗಾಗಿ ಇದನ್ನು ಹಾಳುಬಿದ್ದ ಪಟ್ಟಣ ಎಂದು ಪೂರ್ತಿಯಾಗಿ ಕರೆಯಲೂ ಬಾರದು.

ಗುಡ್ಡದ ಬಾಹುಬಲಿ, ಪೇಟೆಯ ಶೆಟ್ಟಿ

ಶಾಸನಗಳ ಮಟ್ಟಿಗೆ ಸಾಂತರರ ಚರಿತ್ರೆ ಗಟ್ಟಿ ನೆಲಕ್ಕೆ ಬರುವುದು ಒಂಬತ್ತನೆಯ ಶತಮಾನದ ಕೊನೆಯಲ್ಲಿ. ವಿಕ್ರಮ ಸಾಂತರ ಸಾಂತಳಿಗೆ ಸಾವಿರವನ್ನು ಒಂದು ಪ್ರತ್ಯೇಕ ನಾಡಾಗಿ ಕಟ್ಟಿದವನೆಂದು ಮುಂದಿನವರು ನೆನೆದರು. ಕಂದುಕಾಚಾರ್ಯ, ದಾನವಿನೋದ ಎಂಬುವು ಅವನ ಬಿರುದುಗಳು. 897ರಲ್ಲಿ ಅವನು ಕೊಂಡಕುಂದಾನ್ವಯದ ಮೌನಿ ಸಿದ್ಧಾಂತ ಭಟ್ಟಾರಕರಿಗೆ ಕಲ್ಲಿನ ಬಸದಿ ಕಟ್ಟಿಸಿಕೊಟ್ಟ. ಊರ ಬಳಿಯ ಗುಡ್ಡದ ಮೇಲಿನ ಬಾಹುಬಲಿ ಬಸದಿಯನ್ನು ವಿದ್ವಾಂಸರು ಅವನ ಕಾಲಕ್ಕೇ ಸೇರಿಸುತ್ತಾರೆ. ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು 981ರಲ್ಲಿ. ಅದಕ್ಕಿಂತ ಎಂಟು ದಶಕಗಳ ಮುಂಚೆಯೇ ಮಲೆನಾಡಿನ ಈ ಗುಡ್ಡದಲ್ಲಿ ಬಾಹುಬಲಿಗೆ ಪೂಜೆ ಸಲ್ಲುತ್ತಿತ್ತು. ಹೆಚ್ಚಿನ ಯಾತ್ರಿಕರು ಪದ್ಮಾವತಿಗೆ ಕೈಮುಗಿದು ಊಟ ಮುಗಿಸಿ ಹೊರಟುಬಿಡುತ್ತಾರೆ, ಗುಡ್ಡ ಹತ್ತುವುದಿಲ್ಲ. ಹತ್ತಿದವರಿಗೆ ಊರು, ಕೆರೆ, ತೋಟಗಳು ಒಟ್ಟಾಗಿ ಕಂಡು, ರಾಜಧಾನಿಗೆ ಈ ಬೋಗುಣಿಯಂಥ ಜಾಗವನ್ನೇ ಏಕೆ ಆರಿಸಿಕೊಂಡರೆಂಬುದು ತಾನಾಗಿ ತಿಳಿಯುತ್ತದೆ.

ವಿಕ್ರಮ ಸಾಂತರನ ಬಳಿಕ ಪಾಳಿಯಕ್ಕನ ಹೆಸರು ಬರುತ್ತದೆ. ತನ್ನ ತಾಯಿ ತೀರಿಕೊಂಡಾಗ ಆಕೆಯ ನೆನಪಿಗೆ ಈ ಅರಸಿ ಕಲ್ಲಿನ ಬಸದಿ ಕಟ್ಟಿಸಿದಳು. ಜನ ಅದನ್ನು ಪಾಳಿಯಕ್ಕನ ಬಸದಿ ಎಂದೇ ಕರೆದರು. ಕಟ್ಟಿಸಿದ ಹೆಂಗಸಿನ ಹೆಸರಿನಿಂದಲೇ ಬಸದಿಯೊಂದು ಗುರುತಾಗುವ ರೂಢಿ ಹುಂಚದಲ್ಲಿ ಇಷ್ಟು ಹಿಂದಿನದು.

ಹನ್ನೊಂದನೆಯ ಶತಮಾನದ ಹೊತ್ತಿಗೆ ಪಟ್ಟಣ ತುಂಬಿಕೊಂಡಿತ್ತು. ಆ ಕಾಲದ ಪೇಟೆಯ ಬದುಕನ್ನು ತಿಳಿಯಲು ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯ ಶಾಸನಗಳಿಗಿಂತ ಒಳ್ಳೆಯ ಆಧಾರವಿಲ್ಲ. ಪಟ್ಟಣಸ್ವಾಮಿ ಎಂದರೆ ಪಟ್ಟಣದ ವರ್ತಕರ ಮುಖ್ಯಸ್ಥ. ಊರಾಡಳಿತದಲ್ಲೂ ಅವನ ಮಾತಿಗೆ ತೂಕ. ವೀರ ಸಾಂತರ ಆಳುತ್ತಿದ್ದಾಗ, 1062ರಲ್ಲಿ, ನೊಕ್ಕಯ್ಯ ಸೆಟ್ಟಿ ಪಟ್ಟಣಸ್ವಾಮಿ ಜಿನಾಲಯವನ್ನು ಕಟ್ಟಿಸಿದ. ಅರಸನಿಗೆ ನೂರು ಗದ್ಯಾಣ ಹೊನ್ನು ಕೊಟ್ಟು ಮೊಳಕೆರೆ ಎಂಬ ಊರನ್ನು ಪಡೆದು ಅದನ್ನು ಜಿನಾಲಯಕ್ಕೆ ಬಿಟ್ಟ. ಚಿನ್ನ, ಬೆಳ್ಳಿ, ಹವಳ, ರತ್ನ, ಪಂಚಲೋಹಗಳಲ್ಲಿ ಜಿನಬಿಂಬಗಳನ್ನು ಮಾಡಿಸಿದ. ಇದಿಷ್ಟು ಒಬ್ಬ ಸಿರಿವಂತನ ದೈವಭಕ್ತಿ. ಶಾಸನ ಅಲ್ಲಿಗೆ ನಿಲ್ಲದೆ ಅವನ ಕೆರೆಗಳನ್ನೂ ಹೆಸರಿಸುತ್ತದೆ: ಸಾಂತಗೆರೆ, ಮೊಳಕೆರೆ, ಪಟ್ಟಣಸ್ವಾಮಿಗೆರೆ. ಕೈಯಿಂದ ಹೊನ್ನು ಹಾಕಿ ಹೊಳೆಯ ನೀರನ್ನು ಕೆರೆಗೆ ತಿರುಗಿಸಿದ್ದೂ ಅವನ ಪುಣ್ಯದ ಲೆಕ್ಕಕ್ಕೆ ಸೇರಿದೆ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಕೆರೆ ಏಕೆ ಎಂದು ಬಯಲುಸೀಮೆಯವರು ಕೇಳಬಹುದು. ಮಲೆನಾಡಿನ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ದೀಪಾವಳಿ ಕಳೆದು ನಾಲ್ಕು ತಿಂಗಳಾದರೆ ಗದ್ದೆ ಬಿರುಕು ಬಿಡುತ್ತದೆ. ಎರಡನೆಯ ಬೆಳೆ ಬೇಕಾದವನಿಗೆ, ತೋಟ ಉಳಿಸಿಕೊಳ್ಳಬೇಕಾದವನಿಗೆ ಕೆರೆಯೇ ಗತಿ. ಹನ್ನೊಂದನೆಯ ಶತಮಾನದ ವರ್ತಕ ತನ್ನ ಲಾಭವನ್ನು ಎಲ್ಲಿ ಹಾಕಬೇಕೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದ.

ನೊಕ್ಕಯ್ಯ ಸೆಟ್ಟಿಯ ಗುರು ದಿವಾಕರಣಂದಿ ಸಿದ್ಧಾಂತದೇವರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಸಂಸ್ಕೃತದಲ್ಲಿದೆ. ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದವರು ಇವರು. ಶಾಸ್ತ್ರ ತಮಗೆ ತಿಳಿಯುವ ಭಾಷೆಯಲ್ಲಿ ಬೇಕೆಂಬ ಶ್ರಾವಕರು ಈ ಊರಿನಲ್ಲಿ ಇದ್ದರು ಎಂದಾಯಿತು. ಅದೇ ಕಾಲದಲ್ಲಿ ವೀರ ಸಾಂತರನ ಅರಸಿಯರಲ್ಲೊಬ್ಬಳಾದ ಚಾಗಲದೇವಿ, ಗಂಡನ ಮನೆದೇವರಾದ ಲೊಕ್ಕಿಯಬ್ಬೆಯ ಗುಡಿಯ ಮುಂದೆ ಮಕರತೋರಣ ಕಟ್ಟಿಸಿದಳು. ಬಳ್ಳಿಗಾವೆಯಲ್ಲಿ ಚಾಗೇಶ್ವರವೆಂಬ ಶಿವಾಲಯವನ್ನೂ ಎಬ್ಬಿಸಿದಳು. ಒಂದೇ ಮನೆತನದಲ್ಲಿ ಜಿನನಿಗೂ ಶಿವನಿಗೂ ಎಡೆಯಿದ್ದುದು ಆಗಿನ ಕನ್ನಡನಾಡಿನಲ್ಲಿ ವಿಶೇಷವೇನಲ್ಲ.

ಬೋಗಾರ ಬಸದಿ ಊರಿನಿಂದ ತುಸು ಬೇರೆಯಾಗಿ ನಿಂತಿದೆ. ಬೋಗಾರರು ಕಂಚು, ಹಿತ್ತಾಳೆ ಪಾತ್ರೆಗಳನ್ನು ಮಾಡಿ ಮಾರುತ್ತಿದ್ದ ಜೈನರು. ಒಂದು ಕಸುಬಿನವರ ಹೆಸರು ಹೊತ್ತ ಬಸದಿ ಉಳಿದಿರುವುದರಿಂದಲೇ, ಕಾಣದ ಆ ಪೇಟೆಯಲ್ಲಿ ಕಂಚಿನ ಸದ್ದೂ ಇತ್ತೆಂದು ಊಹಿಸಬಹುದಾಗಿದೆ.

ಉರ್ವೀತಿಲಕ

ಹುಂಚದ ಬಸದಿಗಳಲ್ಲೆಲ್ಲ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪಂಚಕೂಟ ಬಸದಿಯ ಮುಂದೆ. ಊರವರು ಇದನ್ನು ಪಂಚಬಸದಿ ಎನ್ನುತ್ತಾರೆ. ಶಾಸನದಲ್ಲಿ ಇದರ ಹೆಸರು ಉರ್ವೀತಿಲಕ. ಐದು ಗರ್ಭಗೃಹಗಳ ಈ ಬಸದಿಯ ಮುಂದೆ ಎತ್ತರದ ಪೀಠದ ಮೇಲೆ ಕಂಬವಿದೆ. ಸಾಲಂಕೃತವಾದ ಹೊಯ್ಸಳ ಗುಡಿಗಳನ್ನು ನೋಡಿ ಬಂದ ಕಣ್ಣಿಗೆ ಇಲ್ಲಿನ ಗೋಡೆಗಳು ಮೊದಲು ಸಪ್ಪೆಯಾಗಿ ಕಂಡಾವು. ಇದರ ಗಾಂಭೀರ್ಯವಿರುವುದು ಕಟ್ಟಡದ ಹರವಿನಲ್ಲಿ, ಮತ್ತು 1077ರ ದೀರ್ಘ ಶಾಸನ ಹೇಳುವ ಕಥೆಯಲ್ಲಿ.

ಕಥೆ ಚಟ್ಟಲದೇವಿಯದು. ಗಂಗವಂಶದ ಅರುಮುಳಿದೇವ ಮತ್ತು ಗಾವಬ್ಬರಸಿಯರ ಮಗಳು ಈಕೆ. ಕಾಡುವೆಟ್ಟಿಯ ಅರಸಿಯಾಗಿದ್ದವಳು, ಕಾಡುವೆಟ್ಟಿ ಎಂಬುದು ಪಲ್ಲವ ಕುಲದವರ ಬಿರುದು. ಈಕೆಯ ಸೋದರಿ ಬೀರಲದೇವಿಯನ್ನು ವೀರ ಸಾಂತರನಿಗೆ ಕೊಟ್ಟಿತ್ತು. ಅವರಿಗೆ ತೈಲ, ಗೊಗ್ಗಿಗ, ಒಡ್ಡುಗ, ಬರ್ಮ ಎಂಬ ನಾಲ್ವರು ಗಂಡುಮಕ್ಕಳು. ಬೀರಲದೇವಿ ತೀರಿಕೊಂಡಳು. ತಾಯಿಯಿಲ್ಲದ ಆ ನಾಲ್ಕು ಮಕ್ಕಳನ್ನು ಚಟ್ಟಲದೇವಿ ತನ್ನ ಹೊಟ್ಟೆಯ ಮಕ್ಕಳೆಂದೇ ಸಾಕಿದಳು. ಈ ಹುಡುಗರಲ್ಲಿ ಮೂವರು ಮುಂದೆ ಭುಜಬಲ ಸಾಂತರ, ನನ್ನಿ ಸಾಂತರ, ವಿಕ್ರಮ ಸಾಂತರ ಎಂಬ ಹೆಸರುಗಳಲ್ಲಿ ಒಬ್ಬರಾದ ಮೇಲೊಬ್ಬರು ಸಾಂತಳಿಗೆಯನ್ನು ಆಳಿದರು. ಭುಜಬಲ ಸಾಂತರ 1065ರಲ್ಲೇ ರಾಜಧಾನಿಯಲ್ಲಿ ತನ್ನ ಹೆಸರಿನ ಜಿನಾಲಯವೊಂದನ್ನು ಕಟ್ಟಿಸಿ ಗುರು ಕನಕಣಂದಿಗೆ ಹರವರಿ ಎಂಬ ಊರನ್ನು ಕೊಟ್ಟಿದ್ದ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ ಮರುವರ್ಷ, 1077ರಲ್ಲಿ, ಚಟ್ಟಲದೇವಿ ಸಾಕುಮಕ್ಕಳೊಡನೆ ಸೇರಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಯಾರ ನೆನಪಿಗೆ ಎಂಬುದನ್ನು ಶಾಸನ ಬಿಡಿಸಿ ಹೇಳುತ್ತದೆ: ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ಸೋದರಿ ಬೀರಲದೇವಿ, ಸೋದರ ರಾಜಾದಿತ್ಯ. ಅಗಲಿದವರಿಗೆ ಸಲ್ಲಿಸುವ ಇಂಥ ಗೌರವಕ್ಕೆ ಶಾಸನಗಳಲ್ಲಿ ಪರೋಕ್ಷವಿನಯ ಎಂಬ ಹೆಸರಿದೆ. ತವರಿನವರೆಲ್ಲ ಕಣ್ಣಮುಂದೆ ಹೋದ ಮೇಲೆ, ಅಕ್ಕತಂಗಿಯ ಮನೆಯಲ್ಲಿ, ಅವಳ ಮಕ್ಕಳ ಕೈಹಿಡಿದು ನಿಂತು ಒಬ್ಬ ಹೆಂಗಸು ಎಬ್ಬಿಸಿದ ಕಟ್ಟಡ ಇದು. ಈ ಸಂಗತಿ ಗೊತ್ತಿದ್ದು ನೋಡಿದರೆ ಬಸದಿಯ ಸರಳತೆಗೆ ಬೇರೆಯೇ ತೂಕ ಬರುತ್ತದೆ. ರಾಜಕೀಯವಾಗಿ ನೋಡಿದರೂ ಆಕೆಯ ಪಾತ್ರ ಚಿಕ್ಕದಲ್ಲ. ಒಂದು ರಾಜ್ಯದ ಮುಂದಿನ ಅರಸರು ಬೆಳೆದದ್ದು ಆಕೆಯ ಆರೈಕೆಯಲ್ಲಿ.

ಚಟ್ಟಲದೇವಿಯ ಗುರು ದ್ರಾವಿಡ ಸಂಘ, ನಂದಿಗಣ, ಅರುಂಗಳಾನ್ವಯದ ಶ್ರೀವಿಜಯರು. ಒಡೆಯದೇವ ಎಂಬ ಹೆಸರೂ ಅವರಿಗಿತ್ತು. ಅವರ ಪರಂಪರೆ ತಮಿಳು ಸೀಮೆಯದು. ದಾನವನ್ನು ಸ್ವೀಕರಿಸಿದವರು ಕಮಲಭದ್ರದೇವರು. ಹೀಗೆ ಗಂಗರ ಮಗಳು, ಪಲ್ಲವರ ಸೊಸೆ, ಸಾಂತರರ ಸಾಕುತಾಯಿ, ತಮಿಳು ಮೂಲದ ಗುರುಪರಂಪರೆ ಎಲ್ಲ ಈ ಒಂದು ಮಲೆನಾಡಿನ ಊರಿನಲ್ಲಿ ಕೂಡಿಕೊಂಡವು. ಕಾಡಿನ ಮಧ್ಯದ ಊರು ಹೊರಗಿನ ಲೋಕದಿಂದ ದೂರವಿತ್ತು ಎಂದು ಭಾವಿಸುವವರು ಈ ಶಾಸನವನ್ನೊಮ್ಮೆ ನೋಡಬೇಕು.

ಬಸದಿ ಒಂದೇ ಆಕೆಯ ಕೆಲಸವಾಗಿರಲಿಲ್ಲ. ಕೆರೆ, ಬಾವಿ, ದೇವಾಲಯ, ಅರವಟ್ಟಿಗೆ, ಸತ್ರ, ತೋಪುಗಳನ್ನು ಮಾಡಿಸಿದವಳೆಂದೂ ಅನ್ನ, ಔಷಧ, ವಿದ್ಯೆ, ಆಶ್ರಯ ಎಂಬ ನಾಲ್ಕು ದಾನಗಳನ್ನು ನಡೆಸಿದವಳೆಂದೂ ಶಾಸನ ಹೊಗಳುತ್ತದೆ. ಲಕ್ಕುಂಡಿಯ ಅತ್ತಿಮಬ್ಬೆಯನ್ನು ಕನ್ನಡನಾಡು ಮನೆಮನೆಯಲ್ಲಿ ನೆನೆಯುತ್ತದೆ, ಅದು ಸರಿಯೇ. ಹುಂಚದ ಚಟ್ಟಲದೇವಿ ಅದೇ ಸಾಲಿನಲ್ಲಿ ನಿಲ್ಲುವವಳು. ಆಕೆಯ ಹೆಸರು ಶಾಸನ ಓದುವವರ ಆಚೆಗೆ ಹೆಚ್ಚು ಹೋಗಿಲ್ಲ, ಹೋಗಬೇಕು.

ಎಫೆಸಸ್ಸಿನಲ್ಲಿ ಎಲ್ಲ ಪ್ರವಾಸಿಗರೂ ಚಿತ್ರ ತೆಗೆದುಕೊಳ್ಳುವ ಸೆಲ್ಸಸ್ ಗ್ರಂಥಾಲಯವೂ ಇಂಥದೇ ಒಂದು ನೆನಪಿನ ಕಟ್ಟಡ. ರೋಮನ್ ಅಧಿಕಾರಿಯಾಗಿದ್ದ ತಂದೆ ಸೆಲ್ಸಸ್ಸನಿಗಾಗಿ ಮಗ ಅಕ್ವಿಲ ಎರಡನೆಯ ಶತಮಾನದ ಮೊದಲ ಭಾಗದಲ್ಲಿ ಅದನ್ನು ಕಟ್ಟಿಸಲು ತೊಡಗಿದ. ತಂದೆಯ ಸಮಾಧಿ ಗ್ರಂಥಾಲಯದ ಕೆಳಗೇ ಇದೆ. ಭೂಕಂಪಕ್ಕೆ ಬಿದ್ದ ಅದರ ಮುಂಭಾಗವನ್ನು 1970ರ ದಶಕದಲ್ಲಿ ಕಲ್ಲಿಗೆ ಕಲ್ಲು ಹೊಂದಿಸಿ ಮತ್ತೆ ನಿಲ್ಲಿಸಿದರು. ಅಲ್ಲಿ ಮಗ ತಂದೆಗಾಗಿ, ಇಲ್ಲಿ ಮಗಳು ತವರಿನವರೆಲ್ಲರಿಗಾಗಿ. ಅಲ್ಲಿ ಪುಸ್ತಕದ ಮನೆ, ಇಲ್ಲಿ ಜಿನರ ಮನೆ.

ಚಟ್ಟಲದೇವಿಯ ಬಸದಿಗೆ ಎಪ್ಪತ್ತು ವರ್ಷಗಳ ಬಳಿಕ ಮತ್ತೊಂದು ಭಾಗ ಸೇರಿತು. 1147ರಲ್ಲಿ ಸಾಂತರರ ಪಂಪಾದೇವಿ, ಆಕೆಯ ಮಗಳು ಬಾಚಲದೇವಿ ಮತ್ತು ಶ್ರೀವಲ್ಲಭ ವಿಕ್ರಮ ಸಾಂತರ ಸೇರಿ ಉರ್ವೀತಿಲಕದ ಬಡಗಣ ಪಟ್ಟಸಾಲೆಯನ್ನು ಕಟ್ಟಿಸಿದರು. ಬಾಚಲದೇವಿಯನ್ನು ಶಾಸನಕಾರ ಅತ್ತಿಮಬ್ಬೆಗೆ ಹೋಲಿಸಿದ್ದಾನೆ. ಪಾಳಿಯಕ್ಕನಿಂದ ಬಾಚಲದೇವಿಯವರೆಗೆ ಸುಮಾರು ಎರಡು ಶತಮಾನ ಈ ಊರಿನ ಕಲ್ಲುಕೆಲಸದ ಹಿಂದೆ ಅರಮನೆಯ ಹೆಂಗಸರ ಇಚ್ಛೆ, ಹಣ, ದುಃಖ ಮೂರೂ ಇದ್ದವು.

ಅರಸರು ಹೋದ ಮೇಲೆ

ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣ ಚಾಲುಕ್ಯರ ಬಲ ಕುಗ್ಗಿತು. ಕಳಚುರಿಗಳು, ಹೊಯ್ಸಳರು, ಸೇವುಣರ ನಡುವಿನ ಜಗ್ಗಾಟದಲ್ಲಿ ಸಾಂತರರಂಥ ಚಿಕ್ಕ ಮನೆತನಗಳಿಗೆ ನೆಲೆ ತಪ್ಪಿತು. ಮನೆತನ ಕವಲೊಡೆಯಿತು. ಒಂದು ಶಾಖೆ ಇಂದಿನ ಸಾಗರ ತಾಲ್ಲೂಕಿನ ಹೊಸಗುಂದದಲ್ಲಿ ನೆಲೆನಿಂತು ಶೈವ ಗುಡಿಗಳಿಗೆ ಆಶ್ರಯ ಕೊಟ್ಟಿತು. ಅಲ್ಲಿನ ಉಮಾಮಹೇಶ್ವರ ದೇವಾಲಯ ಹಾಳಾಗಿ ಕಾಡು ಬೆಳೆದಿದ್ದದ್ದು ಈಚಿನ ದಶಕಗಳಲ್ಲಿ ಮತ್ತೆ ಎದ್ದು ನಿಂತಿದೆ. ಇನ್ನೊಂದು ಶಾಖೆ ಘಟ್ಟದ ಕಳಸಕ್ಕೆ, ಅಲ್ಲಿಂದ ಕೆಳಗೆ ಕಾರ್ಕಳಕ್ಕೆ ಹೋಯಿತು.

ಅರಸರು ಬಿಟ್ಟುಹೋದ ಪೊಂಬುಚ್ಚದಲ್ಲಿ ಮುನಿಗಳು ಉಳಿದರು. ಸಲ್ಲೇಖನದಿಂದ ದೇಹ ಬಿಟ್ಟವರ ನಿಷಿಧಿ ಕಲ್ಲುಗಳು ಹುಂಚದಲ್ಲಿ ಮುಂದೆಯೂ ನಿಲ್ಲುತ್ತ ಹೋದವು. 1530ರ ಸುಮಾರಿನ ಒಂದು ಶಾಸನ ವಾದಿ ವಿದ್ಯಾನಂದ ಎಂಬ ಜೈನ ವಿದ್ವಾಂಸನ ಗೆಲುವುಗಳನ್ನು ಸಾಲಾಗಿ ಹೇಳುತ್ತದೆ. ಶ್ರೀರಂಗಪಟ್ಟಣ, ಗೇರುಸೊಪ್ಪೆ, ಬಿಳಿಗಿ, ಕಾರ್ಕಳಗಳ ಆಸ್ಥಾನಗಳಲ್ಲಿ, ವಿಜಯನಗರದ ಕೃಷ್ಣದೇವರಾಯನ ಸಭೆಯಲ್ಲೂ ಅವನು ವಾದ ಗೆದ್ದನಂತೆ. ರಾಜಧಾನಿಯ ಪಟ್ಟ ಹೋಗಿ ಮುನ್ನೂರು ವರ್ಷ ಕಳೆದ ಮೇಲೂ ಇಂಥ ಶಾಸನವನ್ನು ನಿಲ್ಲಿಸಲು ಹುಂಚವೇ ತಕ್ಕ ಜಾಗವೆನಿಸಿತ್ತು. ಇಂದಿನ ಮಠ ಆ ಪರಂಪರೆಯದು. ಶ್ರವಣಬೆಳಗೊಳದ ಪೀಠಾಧಿಪತಿಗಳಿಗೆ ಚಾರುಕೀರ್ತಿ, ಕಾರ್ಕಳದವರಿಗೆ ಲಲಿತಕೀರ್ತಿ ಎಂಬ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುವಂತೆ ಹುಂಚದ ಭಟ್ಟಾರಕರಿಗೆ ದೇವೇಂದ್ರಕೀರ್ತಿ ಎಂಬ ಹೆಸರು ಬರುತ್ತದೆ.

ಇಷ್ಟೆಲ್ಲ ತಿಳಿದದ್ದು ಮುಖ್ಯವಾಗಿ ಒಂದು ಪುಸ್ತಕದ ದೆಸೆಯಿಂದ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ.ಎಲ್. ರೈಸ್ ತಮ್ಮ ಸಿಬ್ಬಂದಿಯೊಡನೆ ಶಾಸನಗಳ ಪ್ರತಿ ಎತ್ತಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವನ್ನು 1904ರಲ್ಲಿ ಪ್ರಕಟಿಸಿದರು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹುಂಚ ಆಗ ನಗರ ತಾಲ್ಲೂಕಿಗೆ ಸೇರಿದ್ದರಿಂದ ವಿದ್ವಾಂಸರು ಇಂದಿಗೂ ಇಲ್ಲಿನ ಶಾಸನಗಳನ್ನು ‘ನಗರ’ದ ಸಂಖ್ಯೆಗಳಿಂದಲೇ ಗುರುತಿಸುತ್ತಾರೆ, ಚಟ್ಟಲದೇವಿಯ ಶಾಸನ ನಗರ 35.

ನೋಡಲು ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಅಕ್ಷರಗಳು ಮುಚ್ಚಿಹೋಗುತ್ತವೆ, ಗುಡ್ಡದ ಮೆಟ್ಟಿಲು ಜಾರುತ್ತದೆ, ಇಂಬಳದ ಕಾಟವೂ ಇರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಶಾಸನದ ಅಕ್ಷರಗಳು ಚೆನ್ನಾಗಿ ಏಳುತ್ತವೆ. ಪಂಚಬಸದಿಗೆ ಆ ಹೊತ್ತಿನಲ್ಲೇ ಹೋಗುವುದು ಮೇಲು. ಆಮೇಲೆ ಪಾರ್ಶ್ವನಾಥ ಬಸದಿ, ಪದ್ಮಾವತಿಯ ಗುಡಿ, ಮುತ್ತಿನ ಕೆರೆ, ಬೋಗಾರ ಬಸದಿ, ಕೊನೆಗೆ ಗುಡ್ಡ. ಶಾಸನದ ಕಲ್ಲಿಗೆ ಸುಣ್ಣ, ಎಣ್ಣೆ, ಅರಿಸಿನ ಹಚ್ಚದಿರುವುದು, ಅಕ್ಷರಗಳ ಮೇಲೆ ಕೈಯಾಡಿಸದಿರುವುದು ಪ್ರತಿಯೊಬ್ಬ ಭಕ್ತನೂ ಪ್ರವಾಸಿಗನೂ ಪಾಲಿಸಲೇಬೇಕಾದ ನಿಯಮ. ಒಂದು ಸಾಲು ಸವೆದರೆ ಅದನ್ನು ಮತ್ತೆ ಬರೆಯುವವರಿಲ್ಲ.

ಸಾಂತರರ ಕಥೆಯ ಮುಂದಿನ ಭಾಗ ಘಟ್ಟದ ಕೆಳಗಿದೆ. 1432ರಲ್ಲಿ ಕಾರ್ಕಳದ ವೀರಪಾಂಡ್ಯ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ. ಆ ಮನೆತನದ ಭೈರರಸರು ತಮ್ಮನ್ನು ಜಿನದತ್ತರಾಯನ ವಂಶದವರೆಂದು ಹೇಳಿಕೊಂಡರು. 1586ರಲ್ಲಿ ಇಮ್ಮಡಿ ಭೈರರಸ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿಯನ್ನು ಕಾರ್ಕಳದಲ್ಲಿ ಕಟ್ಟಿಸಿದ. ಪೂರ್ವಿಕರು ಹುಂಚವನ್ನು ಬಿಟ್ಟು ನಾಲ್ಕು ಶತಮಾನಗಳಾಗಿದ್ದವು. ಆ ಬಸದಿಯ ಶಾಸನದಲ್ಲೂ ಅವನ ಬಿರುದುಗಳ ನಡುವೆ ಪಟ್ಟಿ ಪೊಂಬುಚ್ಚಪುರದ ಒಡೆತನ ಸೇರಿದೆ.